ಹದಿನೇಳು ಪಟ್ಟಿಯ ಲಾರಿ

ಪರಸಿ ಕಲ್ಲಿನ ಗಣಿಗಳಿದ್ದ ಒಂದು ಊರಿನಲ್ಲಿ ಗುರುಶಾಂತಪ್ಪ ಅಂತ ಒಬ್ಬ ಲಾರಿ ಮಾಲೀಕನಿದ್ದ. ಪರಸಿ ಕಲ್ಲು ಗೊತ್ತಲ್ಲ? ಮನೆಯ ನೆಲಕ್ಕೆ, ಅಂಗಳಕ್ಕೆ ಹಾಸುವ ಚಪ್ಪಟೆ ಕಲ್ಲು. ಹೆಸರಿಗೆ ಕಲ್ಲು, ಸ್ವಭಾವ ಮಾತ್ರ ಹಪ್ಪಳದ್ದು. ಎತ್ತಿ ಕುಕ್ಕಿದರೆ ನಡುವೆ ಸೀಳಿಬಿಡುತ್ತದೆ. ಅದಕ್ಕೇ ಆ ಊರಿನವರು ಕಲ್ಲುಗಳನ್ನು ಲಾರಿಯಲ್ಲಿ ಅಂಚಿನ ಮೇಲೆ ನಿಲ್ಲಿಸಿ, ಸಂದಿಗೆ ಒಣಹುಲ್ಲು ತುರುಕಿ, ಹಗ್ಗ ಬಿಗಿದು ದೂರದ ಊರುಗಳಿಗೆ ಕಳಿಸುತ್ತಿದ್ದರು.

ಆ ಊರಿಗೆ ಒಂದು ವಿಚಿತ್ರ ಚಟ ಇತ್ತು. ಕಲ್ಲು ತುಂಬಿದ ಲಾರಿ ಮೊದಲು ತೂಕದ ಕಾಂಟಾ ಹತ್ತಿರ ಬಂದು ನಿಲ್ಲುತ್ತಿತ್ತು. ಕಾಂಟಾ ಪಕ್ಕದಲ್ಲೇ ಚಹಾದಂಗಡಿ. ಅಲ್ಲಿ ಕೂತವರು ಕುಡಿಯುತ್ತಿದ್ದ ಚಹಾ ಬಿಟ್ಟು ಎದ್ದು ಬರುತ್ತಿದ್ದರು. ಬಂದು, ಹಿಂದಿನ ಟೈರಿಗೂ ಮೇಲಿನ ಬಾಡಿಗೂ ನಡುವೆ ಎಷ್ಟು ಸಂದಿ ಉಳಿದಿದೆ ಅಂತ ಕೈಯಿಟ್ಟು ಗೇಣು ಹಾಕುತ್ತಿದ್ದರು. ಒಂದು ಗೇಣು ಉಳಿದಿದ್ದರೆ, "ಗಾಡಿ ಅಂದ್ರ ಇದಪಾ!" ಅನ್ನುವರು. ನಾಲ್ಕೇ ಬೆರಳು ಉಳಿದಿದ್ದರೆ, "ಕುಂತಬಿಡ್ತಲ್ಲೋ ನಿನ್ನ ಗಾಡಿ!" ಅಂತ ಹೊಟ್ಟೆ ಹಿಡಿದು ನಗುವರು. ಗಾಡಿ ಕೂತಿತು ಅನ್ನಿಸಿಕೊಂಡ ಮಾಲೀಕ ಒಂದು ವಾರ ಆ ಕಡೆ ಮುಖ ಹಾಕುತ್ತಿರಲಿಲ್ಲ. ಯಾವ ಪುಣ್ಯಾತ್ಮನಿಗೆ ಮೊದಲು ಹೊಳೆಯಿತೋ ಈ ಗೇಣಿನ ಪರೀಕ್ಷೆ, ನಾನಂತೂ ಕಾಣೆ.

ಗುರುಶಾಂತಪ್ಪನಿಗೆ ಈ ಗೇಣಿನ ಹುಚ್ಚು ತಲೆಗೇರಿತ್ತು.

ಲಾರಿಯ ಅಚ್ಚಿನ ಮೇಲೆ, ಬಿಲ್ಲಿನ ಹಾಗೆ ಬಾಗಿದ ಉಕ್ಕಿನ ಪಟ್ಟಿಗಳನ್ನು ಒಂದರ ಮೇಲೊಂದು ಜೋಡಿಸಿ ಬಿಗಿದಿರುತ್ತಾರೆ. ಅದಕ್ಕೆ ಕಮಾನು ಅನ್ನುತ್ತಾರೆ. ಮುಂದಿನ ಸಲ ರಸ್ತೆ ಬದಿ ಲಾರಿ ನಿಂತಿದ್ದರೆ ಚಕ್ರದ ಹತ್ತಿರ ಬಗ್ಗಿ ನೋಡಿ, ಕಾಣುತ್ತದೆ. ಚಕ್ರ ಗುಂಡಿಗೆ ಬಿದ್ದಾಗ ಕಮಾನು ಬಾಗುತ್ತದೆ. ಬಾಗಿ, ಪೆಟ್ಟಿನಲ್ಲಿ ಮುಕ್ಕಾಲು ಪಾಲು ತಾನೇ ತಿಂದು, ಮೇಲಿನ ಗಾಡಿಗೆ ಸ್ವಲ್ಪ ಮಾತ್ರ ಬಿಡುತ್ತದೆ. ಲಾರಿ ಮಾಡಿದ ಕಂಪನಿಯವರು ತಲೆ ಓಡಿಸಿ ಹತ್ತು ಪಟ್ಟಿ ಕೊಟ್ಟಿದ್ದರು. ಗೇಣು ಸಾಲದು ಅಂತ ಗುರುಶಾಂತಪ್ಪ ಎರಡು ಪಟ್ಟಿ ಸೇರಿಸಿದ. ಮರುವರ್ಷ ಮತ್ತೆರಡು ಸೇರಿಸಿದ. ಆಮೇಲೆ ಯಾರದೋ ಲಾರಿ ತನ್ನದಕ್ಕಿಂತ ಒಂದು ಬೆರಳು ಎತ್ತರ ನಿಂತಿತು ಅಂತ ಊಟ ಬಿಟ್ಟು ಕೂತು, ಇನ್ನೂ ಮೂರು ಸೇರಿಸಿದ. ಒಟ್ಟು ಹದಿನೇಳು ಆಯಿತು. ಈಗ ಎಷ್ಟೇ ಕಲ್ಲು ಹೇರಿದರೂ ಲಾರಿಯ ಹಿಂಭಾಗ ಕೂದಲೆಳೆಯಷ್ಟೂ ಇಳಿಯುತ್ತಿರಲಿಲ್ಲ. ಪೂರ್ತಿ ಒಂದು ಗೇಣು, ಅದರ ಮೇಲೆ ಎರಡು ಬೆರಳು. ಕಾಂಟಾ ಹತ್ತಿರ ಗುರುಶಾಂತಪ್ಪ ಮೀಸೆ ತಿರುವುತ್ತ ನಿಂತಿರುತ್ತಿದ್ದ.

ಆ ಲಾರಿಯನ್ನು ಓಡಿಸುತ್ತಿದ್ದವನು ಹುಲುಗಪ್ಪ. ಹದಿನೆಂಟು ವರ್ಷದಿಂದ ಗುರುಶಾಂತಪ್ಪನ ಹತ್ತಿರವೇ ಇದ್ದ. ಒಂದು ದಿನ ಕುಡಿದು ಬಂದವನಲ್ಲ, ಒಂದು ಕೋಳಿಮರಿಯ ಮೇಲೆ ಚಕ್ರ ಹಾಯಿಸಿದವನಲ್ಲ. ಗಣಿಯ ದಾರಿಯ ಪ್ರತಿಯೊಂದು ಗುಂಡಿಯೂ ಅವನಿಗೆ ಗೊತ್ತಿತ್ತು. ಗೊತ್ತಿದ್ದು ಏನು ಬಂತು? ಕಮಾನು ಬಾಗುತ್ತಿರಲಿಲ್ಲವಲ್ಲ. ಚಕ್ರಕ್ಕೆ ಬಿದ್ದ ಪೆಟ್ಟು ಅಚ್ಚಿಗೆ, ಅಚ್ಚಿನಿಂದ ಬಾಡಿಗೆ, ಬಾಡಿಯಿಂದ ಸೀಟಿಗೆ, ಸೀಟಿನಿಂದ ನೇರ ಹುಲುಗಪ್ಪನ ಬೆನ್ನಿಗೆ ಬರುತ್ತಿತ್ತು. ಮೊದಲು ಒಂದು ಗೋಣಿಚೀಲ ಮಡಚಿ ಸೀಟಿನ ಮೇಲೆ ಹಾಕಿಕೊಂಡ. ಆಮೇಲೆ ಹಳೆಯ ಕೌದಿ ಹಾಕಿಕೊಂಡ. ಆಮೇಲೆ ನಡುವಿಗೆ ಟವೆಲ್ ಬಿಗಿದುಕೊಂಡು ಕೂರತೊಡಗಿದ.

ಬಾಯಿಬಿಟ್ಟು ಹೇಳಬಹುದಿತ್ತಲ್ಲ ಅನ್ನುತ್ತೀರಿ. ಎಲ್ಲಿ ಹೇಳುವುದು? ಆ ಊರಲ್ಲಿ ಡ್ರೈವರ್ ಆದವನು ಸೀಟು ಕುಕ್ಕುತ್ತದೆ ಅಂದರೆ ಮುಗಿಯಿತು. "ಬೀಗರು ಬಂದಾರ, ಅವರಿಗೆ ಗಾದಿ ಹಾಸ್ರಪಾ!" ಅಂತ ಚಹಾದಂಗಡಿಯವರೆಲ್ಲ ಸೇರಿ ಆಡಿಕೊಳ್ಳುತ್ತಿದ್ದರು. ಹುಲುಗಪ್ಪನೂ ತನ್ನ ಕಾಲದಲ್ಲಿ ಹೀಗೆ ಬೇರೆಯವರನ್ನು ಆಡಿಕೊಂಡವನೇ.

ಅವನ ಹೆಂಡತಿ ನೀಲವ್ವನಿಗೆ ಮಾತ್ರ ವಿಷಯ ಗೊತ್ತಿತ್ತು. ದಿನಾ ಸಂಜೆ ಉಪ್ಪು ಹುರಿದು, ಬಟ್ಟೆಯಲ್ಲಿ ಕಟ್ಟಿ, ಗಂಡನ ಬೆನ್ನಿಗೆ ಶಾಖ ಕೊಡುತ್ತಿದ್ದಳು. ಒಮ್ಮೆ ಹಟ ಹಿಡಿದು ಅವನನ್ನು ತಾಲೂಕಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ಡಾಕ್ಟರು ಎಕ್ಸ್‌ರೇ ಫೋಟೋ ತೆಗೆಸಿ ನೋಡಿ ಹೇಳಿದರು:

"ಬೆನ್ನಿನ ಎಲುಬಿನ ಸಂದ್ಯಾಗ ನರ ಒತ್ತಿಕೊಂಡೈತಿ. ಇನ್ನೂ ಹಿಂಗ ಕುಕ್ಕಿಸಿಕೋತ ಹೋದ್ರ ಎಡಗಾಲು ಸತ್ತ ಹೋಗತೈತಿ, ನೋಡಪಾ."

ಎಡಗಾಲು ಅಂದರೆ ಕ್ಲಚ್ ತುಳಿಯುವ ಕಾಲು. ಆ ಕಾಲು ಹೋದರೆ ಲಾರಿ ಹೋಯಿತು, ಲಾರಿ ಹೋದರೆ ಅನ್ನ ಹೋಯಿತು. ಹುಲುಗಪ್ಪನಿಗೆ ಬೇರೆ ಕೆಲಸ ಬರುತ್ತಿರಲಿಲ್ಲ. "ಯಾರ ಮುಂದೂ ಹೇಳಬ್ಯಾಡ" ಅಂತ ನೀಲವ್ವನ ಕೈಯಲ್ಲಿ ಆಣೆ ಮಾಡಿಸಿಕೊಂಡ. ಮರುದಿನ ಬೆಳಿಗ್ಗೆ ಮತ್ತೆ ಗಾಡಿ ಹತ್ತಿದ.

ಹೀಗಿರುವಾಗ ಗುರುಶಾಂತಪ್ಪನಿಗೆ ಒಂದು ದೊಡ್ಡ ಕೆಲಸ ಸಿಕ್ಕಿತು. ಅರವತ್ತು ಮೈಲಿ ದೂರದ ಒಂದು ಮಠದಲ್ಲಿ ಊಟದ ಹಾಲ್ ಕಟ್ಟುತ್ತಿದ್ದರು. ಆರಡಿ ಉದ್ದದ ಒಂದೇ ತುಂಡಿನ ಕಲ್ಲುಗಳೇ ಬೇಕು ಅಂದಿದ್ದರು. ಮೊದಲ ಲಾರಿ ಹೋಯಿತು. ಬಿಚ್ಚಿ ನೋಡಿದರೆ ಹತ್ತೊಂಬತ್ತು ಕಲ್ಲು ಸೀಳಿದ್ದವು.

"ಇನ್ನೊಂದು ಗಾಡಿ ನೋಡತೀವಿ," ಅಂದರು ಮಠದ ಯಜಮಾನರು. "ಅದೂ ಹಿಂಗ ಬಂದ್ರ ಬ್ಯಾರೆಯವರಿಗೆ ಹೇಳತೀವಿ."

ಗುರುಶಾಂತಪ್ಪ ಊರಿಗೆ ಬಂದವನೇ ಹಮಾಲರ ಮೇಲೆ ಕೂಗಾಡಿದ. ಹುಲ್ಲು ಸರಿಯಾಗಿ ತುರುಕಿಲ್ಲ ಅಂದ. ಹುಲುಗಪ್ಪನ ಮೇಲೆ ಕೂಗಾಡಿದ. ಕಣ್ಣು ಮುಚ್ಚಿಕೊಂಡು ಓಡಿಸುತ್ತೀಯಾ ಅಂದ. ಎಲ್ಲರೂ ತಲೆ ತಗ್ಗಿಸಿ ನಿಂತರು. ಬೈದು ಬೈದು ಸುಸ್ತಾದ ಮೇಲೆ ಅವನಿಗೊಂದು ವಿಚಾರ ಬಂತು. ಇಷ್ಟು ಕಲ್ಲು ಒಡೆಯಬೇಕಾದರೆ ಗಾಡಿಯ ಕಮಾನಿನಲ್ಲೇ ಶಕ್ತಿ ಇಲ್ಲ, ಇನ್ನೂ ಎರಡು ಪಟ್ಟಿ ಹಾಕಿಸಿ ಗಟ್ಟಿ ಮಾಡಿಸಬೇಕು ಅಂದುಕೊಂಡ. ನೋಡಿ, ಮನುಷ್ಯನ ಬುದ್ಧಿ ಒಂದು ದಾರಿಗೆ ಬಿತ್ತು ಅಂದರೆ ಗೋಡೆ ಎದುರಾದರೂ ಅದೇ ದಾರಿ ಹಿಡಿಯುತ್ತದೆ.

ಕಮಾನಿನ ಕೆಲಸಕ್ಕೆ ಆ ಸೀಮೆಯಲ್ಲಿ ದಾವಲಸಾಬ ಮೇಸ್ತ್ರಿಯೇ ಸೈ. ಹೆದ್ದಾರಿಯ ಪಕ್ಕದಲ್ಲಿ ತಗಡಿನ ಚಪ್ಪರ, ಒಂದು ಕುಲುಮೆ, ಕಬ್ಬಿಣ ಬಡಿಯುವ ಒಂದು ಅಡಿಗಲ್ಲು. ಎಪ್ಪತ್ತು ದಾಟಿದ್ದ ಮುದುಕ. ಮಾತು ಕಮ್ಮಿ. ಗುರುಶಾಂತಪ್ಪ ಹುಲುಗಪ್ಪನ ಕೈಲಿ ಲಾರಿ ತರಿಸಿ ಅವನ ಮುಂದೆ ನಿಲ್ಲಿಸಿದ.

"ಮೇಸ್ತ್ರಿ, ನಾಳೆ ಮಠಕ್ಕ ಎರಡನೇ ಗಾಡಿ ಕಳಸಬೇಕು, ಇನ್ನೆರಡು ಪಟ್ಟಿ ಹಾಕ್ರಿ. ಹತ್ತೊಂಬತ್ತು ಆಗಲಿ."

ದಾವಲಸಾಬ ಲಾರಿಯ ಕೆಳಗೆ ನುಸುಳಿದ. ಸುತ್ತಿಗೆಯಿಂದ ಒಂದೊಂದೇ ಪಟ್ಟಿಯನ್ನು ತಟ್ಟಿದ. ಬೆರಳಿನಿಂದ ಪಟ್ಟಿಗಳ ತುದಿ ಸವರಿದ. ಹೊರಗೆ ಬಂದು ಆ ಬೆರಳನ್ನು ಗುರುಶಾಂತಪ್ಪನ ಮುಂದೆ ಹಿಡಿದ. ಬೆರಳಿಗೆ ಕೆಂಪು ತುಕ್ಕು ಹತ್ತಿತ್ತು.

"ಇದೇನ ನೋಡ್ರಿ ಸಾವ್ಕಾರ್ರ."

"ತುಕ್ಕು. ಅದಕ್ಕೇನಾತು?"

"ಕೆಲಸ ಮಾಡೋ ಪಟ್ಟಿ ಒಂದಕ್ಕೊಂದು ತಿಕ್ಕತಾವ. ತಿಕ್ಕಿ ತಿಕ್ಕಿ ಅವುಗಳ ತುದಿ ಬೆಳ್ಳಿ ಆದಂಗ ಹೊಳೀತಿರತೈತಿ. ಇವಕ್ಕ ತುಕ್ಕು ಹಿಡದೈತಿ. ಅಂದ್ರ ಇವು ಬಾಗೇ ಇಲ್ಲ. ಎರಡು ವರ್ಷದಿಂದ ನಿಮ್ಮ ಕಮಾನು ಕೆಲಸಾನ ಮಾಡಿಲ್ಲ."

ಗುರುಶಾಂತಪ್ಪನಿಗೆ ಸಿಟ್ಟು ಬಂತು. "ಏನ್ ಮಾತಾಡ್ತೀರಿ? ಗೇಣಿನ ಮ್ಯಾಲ ಎರಡು ಬೆರಳು ನಿಂತೈತಿ ನನ್ನ ಗಾಡಿ! ಕೆಲಸ ಮಾಡದ ನಿಂತಾವೇನು?"

"ನಿಂತಾವ್ರಿ, ಇಲ್ಲ ಅನ್ನೂದಿಲ್ಲ. ನಿಲ್ಲೂದು ಬ್ಯಾರೆ, ಪೆಟ್ಟು ತಿನ್ನೂದು ಬ್ಯಾರೆ. ದಾರ್ಯಾಗಿನ ಅಷ್ಟೂ ಪೆಟ್ಟು ಇವು ತಿಂದಿಲ್ಲ. ಮತ್ತ ಯಾರು ತಿಂದಾರ?"

ಲಾರಿಯ ಪಕ್ಕ ನಿಂತಿದ್ದ ಹುಲುಗಪ್ಪ ಬೇರೆ ಕಡೆ ನೋಡತೊಡಗಿದ.

ದಾವಲಸಾಬ ಕೈ ಒರೆಸಿಕೊಳ್ಳುತ್ತ ಹೇಳಿದ: "ಒಂದು ಕೆಲಸ ಮಾಡ್ರಿ. ನಾಳೆ ಎರಡನೇ ಗಾಡಿ ಹೋಗತೈತಲ್ಲ ಮಠಕ್ಕ? ನೀವೂ ಅದರಾಗ ಕುಂತ ಹೋಗಿ ಬರ್ರಿ. ನಿಮ್ಮ ಕಾರಿನ್ಯಾಗ ಅಲ್ಲ, ಲಾರ್‍ಯಾಗ. ಬಂದು, ಆ ಪೆಟ್ಟು ಯಾರ ತಿಂದಾರ ಅಂತ ನನಗ ಹೇಳ್ರಿ. ಆಮ್ಯಾಲೂ ಪಟ್ಟಿ ಹಾಕಂದ್ರ ಹಾಕತೀನಿ. ಕೂಲಿ ಬ್ಯಾಡ."

ಗುರುಶಾಂತಪ್ಪ ಲಾರಿಯೊಳಗೆ ಕೂತು ಹನ್ನೆರಡು ವರ್ಷ ಆಗಿತ್ತು. "ಅದಕ್ಕೇನು, ಹೋಗತೀನಿ!" ಅಂದ. ಸೋಲುವವನಲ್ಲ ಆಸಾಮಿ.

ಮರುದಿನ ಬೆಳಿಗ್ಗೆ ಲಾರಿ ಹೊರಟಿತು. ಹುಲುಗಪ್ಪ ಪಕ್ಕದ ಸೀಟಿಗೆ ತನ್ನ ಕೌದಿ ಹಾಸಲು ಹೋದ. ಗುರುಶಾಂತಪ್ಪ ಅದನ್ನು ಎತ್ತಿ ಅವನ ಕಡೆಗೇ ಎಸೆದ. "ನಾ ಏನ್ ಬಾಣಂತಿ ಏನೋ?" ಅಂದ.

ಗಣಿಯ ದಾರಿಯ ಮೊದಲ ಗುಂಡಿಗೆ ಅವನ ಟೋಪಿ ಹಾರಿ ಹೋಗಿ ಕಾಲ ಕೆಳಗೆ ಬಿತ್ತು. ಎರಡನೆಯ ಗುಂಡಿಗೆ ಎಲೆ ಅಡಿಕೆಯ ಜೊತೆಗೆ ನಾಲಿಗೆಯನ್ನೂ ಕಚ್ಚಿಕೊಂಡ. ಮೂರನೆಯದಕ್ಕೆ ತಲೆ ಮೇಲಿನ ತಗಡಿಗೆ ಬಡಿಯಿತು.

"ಅಯ್ಯೋ ನಿನ್ನ! ಸಾವಕಾಶ ಹೊಡಿಯೋ!"

"ಹದಿನೈದರ ಮ್ಯಾಲ ಹೋಗೇ ಇಲ್ರಿ ಸಾವ್ಕಾರ್ರ," ಅಂದ ಹುಲುಗಪ್ಪ.

ಗುರುಶಾಂತಪ್ಪ ಬಗ್ಗಿ ಸ್ಪೀಡಿನ ಮುಳ್ಳು ನೋಡಿದ. ಹೌದು, ಹದಿನೈದು. ಅವನು ಎರಡೂ ಕೈಯಿಂದ ಬಾಗಿಲಿನ ಹಿಡಿಕೆ ಹಿಡಿದುಕೊಂಡ. ಒಂದು ತಾಸು ಕಳೆಯುವಷ್ಟರಲ್ಲಿ ಅವನ ನಡು ಹಿಡಿದುಕೊಂಡಿತು, ಹಲ್ಲು ಜುಮುಗುಟ್ಟಿತು, ಹೊಟ್ಟೆಯೊಳಗಿನ ರೊಟ್ಟಿ ಗಂಟಲಿಗೆ ಬಂತು. ಹೇಳಿಕೊಳ್ಳುವ ಹಾಗಿಲ್ಲ, ಪಂಥ ಕಟ್ಟಿ ಬಂದಿದ್ದಾನಲ್ಲ. ಸುಮ್ಮನೆ ಹುಲುಗಪ್ಪನನ್ನು ನೋಡುತ್ತ ಕೂತ. ಪ್ರತಿ ಗುಂಡಿಗೂ ಮುಂಚೆ ಹುಲುಗಪ್ಪ ಸ್ಟೇರಿಂಗ್ ಗಟ್ಟಿಯಾಗಿ ಹಿಡಿದು ಸೀಟಿನಿಂದ ಒಂದಿಷ್ಟು ಮೇಲೇಳುತ್ತಿದ್ದ. ಉಸಿರು ಬಿಗಿ ಹಿಡಿಯುತ್ತಿದ್ದ. ಗುಂಡಿ ದಾಟಿದ ಮೇಲೆ ಮೆಲ್ಲಗೆ ಕೂರುತ್ತಿದ್ದ. ಅವನ ಹಣೆಯ ಮೇಲೆ ಬೆವರು ಇಳಿಯುತ್ತಿತ್ತು.

ಇನ್ನೂ ಒಂದು ವಿಚಿತ್ರ ಕಂಡಿತು. ಗೇರು ಬದಲಿಸುವ ಮೊದಲು ಹುಲುಗಪ್ಪ ತನ್ನ ಎಡ ತೊಡೆಯ ಮೇಲೆ ಅಂಗೈಯಿಂದ ಪಟ್ ಪಟ್ ಅಂತ ಎರಡು ಏಟು ಹಾಕಿಕೊಳ್ಳುತ್ತಿದ್ದ.

"ಅದ್ಯಾಕೋ ಕಾಲಿಗೆ ಹೊಡ್ಕೋತಿ?"

"ಎಬ್ಬಸಾಕತ್ತೀನ್ರಿ."

"ಯಾರನ್ನ?"

"ಕಾಲನ್ನ್ರಿ. ಆಗಾಗ ಮಕ್ಕೊಂಡಬಿಡತೈತಿ."

ಗುರುಶಾಂತಪ್ಪನಿಗೆ ಮೊದಲು ನಗು ಬಂತು. ಹುಲುಗಪ್ಪನ ಮುಖ ನೋಡಿದ ಮೇಲೆ ನಗಲಿಲ್ಲ.

ಮುಂದೆ ರೈಲ್ವೆ ಗೇಟು ಬಂತು. ಗೇಟು ಹಾಕಿತ್ತು. ದಾರಿ ಅಲ್ಲಿ ಏರು. ಲಾರಿ ಏರಿನ ಮೇಲೆ ನಿಂತಿತು. ಹಿಂದೆ ಒಂದು ಟ್ರ್ಯಾಕ್ಟರ್ ಬಂದು ನಿಂತಿತು. ಅದರ ಟ್ರೇಲರಿನ ತುಂಬ ಕಳೆ ಕೀಳಲು ಹೊರಟ ಹೆಣ್ಣುಮಕ್ಕಳು. ರೈಲು ಹೋಯಿತು, ಗೇಟು ಎದ್ದಿತು. ಹುಲುಗಪ್ಪ ತೊಡೆಗೆ ಎರಡು ಏಟು ಹಾಕಿಕೊಂಡ. ಮತ್ತೆರಡು ಹಾಕಿಕೊಂಡ. ಬಲಗಾಲನ್ನು ಬ್ರೇಕಿನಿಂದ ಎತ್ತಿ ಎಕ್ಸಲೇಟರ್ ಮೇಲಿಟ್ಟ. ಏರಿನಲ್ಲಿ ತುಂಬಿದ ಗಾಡಿ ಎತ್ತಬೇಕಾದರೆ ಕ್ಲಚ್ಚನ್ನು ಹದವಾಗಿ ಬಿಡಬೇಕು. ಎಲ್ಲಿ ಹಿಡಿಯಿತು ಅಂತ ಕಾಲಿಗೆ ಗೊತ್ತಾಗಬೇಕು. ಆ ಹೊತ್ತಿಗೆ ಹುಲುಗಪ್ಪನ ಕಾಲಿಗೆ ಏನೂ ಗೊತ್ತಾಗಲಿಲ್ಲ. ಸತ್ತ ಕಾಲು ಕ್ಲಚ್ಚಿನ ಮೇಲೆ ಭಾರವಾಗಿ ಬಿದ್ದುಕೊಂಡಿತು. ಇಂಜಿನ್ ಸುಮ್ಮನೆ ಬೊಬ್ಬೆ ಹೊಡೆಯಿತು. ಲಾರಿ ಹಿಂದಕ್ಕೆ ಜಾರಿತು.

ಹಿಂದಿನಿಂದ ಹೆಂಗಸರ ಚೀರಾಟ ಕೇಳಿತು. "ಹುಲುಗ್ಯಾ!" ಅಂತ ಗುರುಶಾಂತಪ್ಪ ಕೂಗಿದ. ಹುಲುಗಪ್ಪ ಬಲಗಾಲಿನಿಂದ ಬ್ರೇಕನ್ನು ಒದ್ದ. ಲಾರಿ ಧಡಕ್ಕನೆ ನಿಂತಿತು. ಹಿಂದೆ ಕಲ್ಲುಗಳು ಒಂದರ ಹಿಂದೊಂದು ಚಟ್ ಚಟ್ ಅಂತ ಸೀಳಿದ ಸದ್ದು ಬಂತು.

ಗುರುಶಾಂತಪ್ಪ ಕೆಳಗಿಳಿದು ಹಿಂದಕ್ಕೆ ಓಡಿದ. ಲಾರಿಯ ಹಿಂಬದಿಗೂ ಟ್ರ್ಯಾಕ್ಟರಿನ ಮೂತಿಗೂ ನಡುವೆ ಒಂದು ಮೊಳ ಜಾಗ ಉಳಿದಿತ್ತು. ಟ್ರೇಲರಿನಿಂದ ಅರ್ಧ ಹೆಂಗಸರು ಕೆಳಗೆ ಹಾರಿದ್ದರು. ಒಬ್ಬಳು ಕೂಸನ್ನು ಎದೆಗೆ ಅವಚಿಕೊಂಡು ರಸ್ತೆ ಬದಿಯಲ್ಲಿ ನಡುಗುತ್ತ ನಿಂತಿದ್ದಳು. ಯಾರಿಗೂ ಏನೂ ಆಗಿರಲಿಲ್ಲ. ಗುರುಶಾಂತಪ್ಪ ಅವರಿಗೆಲ್ಲ ಕೈ ಮುಗಿದ. ಒಂದು ದೊಡ್ಡ ಕಲ್ಲು ಹುಡುಕಿ ತಂದು ತಾನೇ ಚಕ್ರದ ಹಿಂದೆ ಇಟ್ಟ.

ತಿರುಗಿ ಬಂದು ನೋಡಿದರೆ ಹುಲುಗಪ್ಪ ಸ್ಟೇರಿಂಗ್ ಮೇಲೆ ತಲೆಯಿಟ್ಟು ಅಳುತ್ತಿದ್ದ. ಮೀಸೆ ಹೊತ್ತ ಗಂಡಸು, ಎಳೆ ಮಗುವಿನ ಹಾಗೆ ಅಳುತ್ತಿದ್ದ.

"ಎಷ್ಟ ದಿನಾತೋ ಹಿಂಗಾಗಿ?"

"ಎರಡು ವರ್ಷಾತ್ರಿ."

"ಯಾಕ ಹೇಳಲಿಲ್ಲ ನನಗ?"

"ಹೇಳಿದ್ರ ಬ್ಯಾರೆ ಡ್ರೈವರ್ ನೋಡ್ಕೋತೀರಿ ಅಂತ ಅಂಜಿಕಿ ಇತ್ರಿ." ಹುಲುಗಪ್ಪ ಕಣ್ಣು ಒರೆಸಿಕೊಂಡ. "ಮತ್ತ, ಸುಳ್ಳ್ಯಾಕ ಹೇಳಲಿ. ಕಾಂಟಾದ ಹಂತ್ಯಾಕ ನಮ್ಮ ಗಾಡಿ ಎದಿ ಸೆಟಿಸಿ ನಿಂತಾಗ ನನಗೂ ಭಾಳ ಹೆಮ್ಮಿ ಅನಸ್ತಿತ್ರಿ. ಎಷ್ಟೋ ಸಲ ನಾನ ಇಳದು ಗೇಣು ಹಾಕಿ ತೋರಸೀನಿ ಮಂದಿಗೆ."

ಗುರುಶಾಂತಪ್ಪ ಅವನನ್ನು ತೋಳು ಹಿಡಿದು ಕೆಳಗಿಳಿಸಿ, ಕೌದಿ ಹಾಸಿ ಮರದ ನೆರಳಲ್ಲಿ ಮಲಗಿಸಿದ. ಊರಿಗೆ ಫೋನ್ ಮಾಡಿ ತನ್ನ ಇನ್ನೊಬ್ಬ ಡ್ರೈವರ್ ಈರಣ್ಣನನ್ನು ಕರೆಸಿದ. ಲಾರಿಯನ್ನು ಅಲ್ಲಿಂದಲೇ ವಾಪಸು ತಿರುಗಿಸಿದರು. ಊರು ಮುಟ್ಟಿದ ಮೇಲೆ ಗುರುಶಾಂತಪ್ಪ ಹಮಾಲರ ಎದುರಿಗೇ ಮಠಕ್ಕೆ ಫೋನ್ ಮಾಡಿ, "ಹದಿನೈದು ದಿನ ಟೈಮ್ ಕೊಡ್ರಿ. ತಪ್ಪು ಕಲ್ಲಿಂದಲ್ಲ, ಹುಲ್ಲಿಂದಲ್ಲ, ನಂದು," ಅಂದ. ಹಮಾಲರು ಆ ಮಾತು ಕೇಳಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಅದೇ ಸಂಜೆ ಅವನು ದಾವಲಸಾಬನ ಚಪ್ಪರಕ್ಕೆ ಹೋದ. ನೆಟ್ಟಗೆ ನಿಲ್ಲಲು ಆಗದೆ ಕಂಬಕ್ಕೆ ಒರಗಿಕೊಂಡ.

"ಪೆಟ್ಟು ಯಾರ ತಿಂದಾರ ಅಂತ ಗೊತ್ತಾತು ಮೇಸ್ತ್ರಿ."

ದಾವಲಸಾಬ ಗೆದ್ದೆ ಅಂತ ಹಲ್ಲು ಕಿರಿಯಲಿಲ್ಲ. ಒಂದು ಸ್ಟೂಲು ಎಳೆದು ಕೂರಿಸಿದ, ಚಹಾ ತರಿಸಿದ. "ಕಮಾನು ಬಾಗಲಿಲ್ಲಂದ್ರ ಪೆಟ್ಟು ಎಲ್ಲೂ ಮಾಯಾ ಆಗೂದಿಲ್ರಿ ಸಾವ್ಕಾರ್ರ," ಅಂದ. "ಮ್ಯಾಲ ಯಾರು ಕುಂತಿರತಾರೋ ಅವರಿಗೆ ಹೋಗತೈತಿ."

ಆಮೇಲೆ ಏನೇನು ಮಾಡಬೇಕು ಅಂತ ಹೇಳಿದ. ಹೆಚ್ಚುವರಿ ಏಳು ಪಟ್ಟಿ ತೆಗೆಯುವುದು. ಉಳಿದ ಹತ್ತರಲ್ಲಿ ಸತ್ತುಹೋದವನ್ನು ಬದಲಿಸಿ ಎಲ್ಲಕ್ಕೂ ಸರಿಯಾದ ಬಾಗು ಕೊಡುವುದು, ನಡುವೆ ಗ್ರೀಸು ಹಚ್ಚುವುದು. ಅದರ ಮೇಲ್ಗಡೆ ಒಂದು ಚಿಕ್ಕ ಜೊತೆ ಕಮಾನು ಕೂರಿಸುವುದು. ಗಾಡಿ ಖಾಲಿ ಇದ್ದಾಗ ಅದು ಸುಮ್ಮನೆ ಇರುತ್ತದೆ, ಹೊರೆ ಬಿದ್ದು ದೊಡ್ಡ ಕಮಾನು ಒಂದಿಷ್ಟು ಬಾಗಿದ ಮೇಲೆ ತಾನೂ ಕೈ ಕೊಡುತ್ತದೆ. ಎಣ್ಣೆ ಸೋರಿ ಒಣಗಿದ್ದ ಶಾಕ್ ಅಬ್ಸಾರ್ಬರ್ ತೆಗೆದು ಹೊಸದು ಹಾಕುವುದು. ಕಮಾನಿನ ತುದಿಯ ಸವೆದ ರಬ್ಬರ್ ಬುಷ್ ಬದಲಿಸುವುದು. ಡ್ರೈವರ್ ಸೀಟಿನ ಕೆಳಗೆ ಸ್ಪ್ರಿಂಗ್ ಕೂರಿಸುವುದು.

"ಮತ್ತ ಇಷ್ಟೆಲ್ಲಾ ಮಾಡಿದ ಮ್ಯಾಲೆ," ಅಂದ ದಾವಲಸಾಬ, "ಗಾಡಿ ಕಾಗದದಾಗ ಎಷ್ಟು ತೂಕ ಬರದಾರೋ ಅಷ್ಟ ಹೇರಬೇಕು. ಅದರ ಮ್ಯಾಲ ಹೇರೂದಾದ್ರ ನನ್ನ ಕಡೆ ಬರಬ್ಯಾಡ್ರಿ."

ಗುರುಶಾಂತಪ್ಪ ತಲೆಯಾಡಿಸಿದ. ಚಹಾ ಕುಡಿದು ಮುಗಿಸಿದ. ಲೋಟ ಕೆಳಗಿಟ್ಟು, ತಡೆಯಲಾರದೆ ಕೇಳಿಯೇಬಿಟ್ಟ: "ಗೇಣು ಎಷ್ಟ ಉಳೀತೈತ್ರಿ?"

ಹುಚ್ಚು ಅಂದರೆ ಹೀಗಿರುತ್ತದೆ ನೋಡಿ. ಅಷ್ಟೆಲ್ಲ ಕಣ್ಣಾರೆ ಕಂಡು ಬಂದವನು!

"ನಾಲ್ಕು ಬೆರಳು," ಅಂದ ದಾವಲಸಾಬ.

ರೈಲ್ವೆ ಗೇಟಿನ ಹತ್ತಿರ ಕೂಸನ್ನು ಅವಚಿಕೊಂಡು ನಿಂತ ಹೆಣ್ಣುಮಗಳು ಗುರುಶಾಂತಪ್ಪನ ಕಣ್ಣ ಮುಂದಿನಿಂದ ಹೋಗಿರಲಿಲ್ಲ. "ಆಗಲಿ, ಮಾಡ್ರಿ," ಅಂದ.

ಲಾರಿ ನಾಲ್ಕು ದಿನದಲ್ಲಿ ಸರಿಹೋಯಿತು. ಹುಲುಗಪ್ಪ ಸರಿಹೋಗಲಿಲ್ಲ. ಗುರುಶಾಂತಪ್ಪ ಅವನನ್ನು ದೊಡ್ಡಾಸ್ಪತ್ರೆಗೆ ಕರೆದೊಯ್ದ. ಅಲ್ಲಿನ ಡಾಕ್ಟರು ಪರೀಕ್ಷೆ ಮಾಡಿ, ನಡೆದಾಡುವುದಕ್ಕೆ ತೊಂದರೆ ಇಲ್ಲ, ನಿಧಾನಕ್ಕೆ ಕಾಲಿಗೆ ಒಂದಿಷ್ಟು ಶಕ್ತಿ ಬರಬಹುದು, ಆದರೆ ಇನ್ನು ಮೇಲೆ ಲಾರಿ ಓಡಿಸುವ ಹಾಗಿಲ್ಲ ಅಂದರು. ಒಂದು ವರ್ಷ ಮೊದಲು ಬಂದಿದ್ದರೆ ಆಗುತ್ತಿತ್ತೇನೋ ಅಂದರು. ಕಮಾನಿಗಾದರೆ ಹೊಸ ಪಟ್ಟಿ ಹಾಕಬಹುದು, ಬೆನ್ನಿಗೆ ಎಲ್ಲಿಂದ ತರುವುದು? ಹುಲುಗಪ್ಪ ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತುಬಿಟ್ಟ. "ಇನ್ನ ಮುಂದ ಏನ್ ಮಾಡ್ಲಿ ನಾ?" ಅಂತ ನೀಲವ್ವನನ್ನು ಕೇಳಿದ. ಗುರುಶಾಂತಪ್ಪನೇ ಉತ್ತರ ಹೇಳಿದ.

"ನಾ ಇರೂಮಟಾ ನಿನಗ ಪಗಾರ ತಪ್ಪೂದಿಲ್ಲ. ಕಲ್ಲು ತುಂಬೂ ಕಡೆ ನಿಂತು ನೋಡ್ಕೋ. ಯಾವ ಗಾಡ್ಯಾಗ ಎಷ್ಟ ಹೇರಬೇಕು, ನೀ ಹೇಳಿದಂಗ."

ಒಳ್ಳೆಯ ಮಾತೇ. ಆದರೆ ಹದಿನೆಂಟು ವರ್ಷ ಸ್ಟೇರಿಂಗ್ ಹಿಡಿದ ಕೈ ಅದು. ಹುಲುಗಪ್ಪ ತನ್ನ ಅಂಗೈ ನೋಡಿಕೊಳ್ಳುತ್ತ, "ಹೂಂ ರೀ," ಅಂದ.

ಮಠದ ಕಲ್ಲು ಮತ್ತೆ ತುಂಬಿದರು. ಈ ಸಲ ಕಾಗದದಲ್ಲಿ ಬರೆದಷ್ಟೇ, ಎಂಬತ್ತು ಕಲ್ಲು. ಈರಣ್ಣ ಲಾರಿ ತಂದು ಕಾಂಟಾ ಹತ್ತಿರ ನಿಲ್ಲಿಸಿದ. ಚಹಾದಂಗಡಿಯವರು ಎದ್ದು ಬಂದರು. ಒಬ್ಬ ಬಗ್ಗಿ ಕೈಯಿಟ್ಟ. ನಾಲ್ಕು ಬೆರಳು! ಆ ಹೊತ್ತಿನ ನಗು ಏನು ಹೇಳಲಿ. ಒಬ್ಬ ಚಪ್ಪಾಳೆ ತಟ್ಟಿದ. "ಗುರುಶಾಂತಪ್ಪನ ಗಾಡಿ ಕುಂತಬಿಡ್ತು, ಬರ್ರಲೇ!" ಅಂತ ಇನ್ನೊಬ್ಬ ರಸ್ತೆಯಾಚೆಯವರನ್ನೂ ಕರೆದ. ಗುರುಶಾಂತಪ್ಪನ ಕಿವಿ ಕೆಂಪಾದವು. ಈಗಲೂ ಓಡಿ ಹೋಗಿ ಪಟ್ಟಿ ಹಾಕಿಸಿಬಿಡಲೇ ಅಂತ ಒಂದು ಗಳಿಗೆ ಅನ್ನಿಸಿತು. ಸುಳ್ಳಲ್ಲ, ಅನ್ನಿಸಿತು.

"ಹುಲುಗ್ಯಾ ಹೊಡಿಯೋವಾಗ ಈ ಗಾಡಿ ಹೆಂಗ ನಿಲ್ಲತಿತ್ತು!" ಅಂದ ಒಬ್ಬ ಮುದುಕ.

"ಹೌದೋ ಯಜ್ಜಾ," ಅಂದ ಗುರುಶಾಂತಪ್ಪ. "ಆವಾಗ ಈ ಗಾಡಿ ಕಮಾನಿನ ಮ್ಯಾಲ ನಿಂತಿರಲಿಲ್ಲ, ಹುಲುಗಪ್ಪನ ಬೆನ್ನಿನ ಮ್ಯಾಲ ನಿಂತಿತ್ತು. ಆ ಬೆನ್ನು ಈಗ ಮುರದೈತಿ. ಇನ್ನೂ ನಗತೀರಿ ಅಂದ್ರ ನಗ್ರಿ."

ಯಾರೂ ನಗಲಿಲ್ಲ. ಗೇಣು ಹಾಕಿದವನು ಕೈ ಹಿಂದಕ್ಕೆ ತೆಗೆದುಕೊಂಡ. ಅಲ್ಲಿದ್ದ ಡ್ರೈವರುಗಳಲ್ಲಿ ಇಬ್ಬರು ತಮ್ಮ ನಡು ಮುಟ್ಟಿಕೊಂಡದ್ದನ್ನು ಗುರುಶಾಂತಪ್ಪ ನೋಡಿದ. ಲಾರಿ ಹೊರಟಿತು.

ಮರುದಿನ ಬೆಳಿಗ್ಗೆ ಮಠದಿಂದ ಫೋನ್ ಬಂತು. ಎಂಬತ್ತಕ್ಕೆ ಎಂಬತ್ತು ಕಲ್ಲೂ ಇಡಿಯಾಗಿ ಬಂದಿವೆ, ಒಂದರ ಮೂಲೆಯೂ ಮುಕ್ಕಾಗಿಲ್ಲ ಅಂದರು. ಗುರುಶಾಂತಪ್ಪನಿಗೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಯಾರಿಗೆ ಹೇಳುವುದು? ಹುಲುಗಪ್ಪನಿಗೇ ಮೊದಲು ಹೇಳಬೇಕು ಅಂತ ಅವನ ಮನೆಗೆ ಹೋದ. ಹುಲುಗಪ್ಪ ಹೊರಸಿನ ಮೇಲೆ ಮಲಗಿದ್ದ. ಏಳಲು ಹೋದವನನ್ನು ಗುರುಶಾಂತಪ್ಪ ತಡೆದ. ನೀಲವ್ವ ಒಂದು ತಟ್ಟೆಯಲ್ಲಿ ಒಗ್ಗರಣೆ ಅವಲಕ್ಕಿ ತಂದುಕೊಟ್ಟಳು.

"ಒಂದೂ ಒಡೀಲಿಲ್ಲೋ ಹುಲುಗಪ್ಪಾ! ಎಂಬತ್ತು ಕಲ್ಲು! ಮಠದವರು ಎಷ್ಟ ಖುಷಿ ಆಗ್ಯಾರ ಗೊತ್ತೈತೇನು? ಮುಂದಿನ ಕೆಲಸಾನೂ ನಮಗ ಅಂತ!"

"ಭಾಳ ಚಲೋ ಆತ್ರಿ ಸಾವ್ಕಾರ್ರ." ಹುಲುಗಪ್ಪನ ಮುಖದಲ್ಲಿ ನಿಜವಾಗಿಯೂ ಸಂತೋಷ ಇತ್ತು. ಆಮೇಲೆ ಕೇಳಿದ: "ಈರಣ್ಣನ ಬೆನ್ನು ಹೆಂಗೈತ್ರಿ?"

ಗುರುಶಾಂತಪ್ಪ ಬಾಯಿಗೆ ಒಯ್ಯುತ್ತಿದ್ದ ಅವಲಕ್ಕಿಯ ತುತ್ತನ್ನು ತಟ್ಟೆಗೆ ಇಳಿಸಿದ. ಕಲ್ಲುಗಳನ್ನು ಒಂದೊಂದೇ ಎಣಿಸಿ ಕೇಳಿದ್ದ. ಮೂಲೆ ಮುಕ್ಕಾಗಿದೆಯೋ ಅಂತ ಕೇಳಿದ್ದ. ಈರಣ್ಣ ವಾಪಸು ಬಂದು ಒಂದು ತಾಸಾಗಿತ್ತು, ಗಾಡಿಯ ಕೀಲಿಕೈ ಕೈಗೆ ಕೊಟ್ಟು ಹೋಗಿದ್ದ. ಅವನನ್ನು ಮಾತ್ರ ಏನೂ ಕೇಳಿರಲಿಲ್ಲ.

"ಕೇಳಿಲ್ಲೋ," ಅಂದ.

ತಟ್ಟೆಯನ್ನು ಪಕ್ಕಕ್ಕಿಟ್ಟು ಎದ್ದ. "ಅವಲಕ್ಕಿ ತಿಂದು ಹೋಗ್ರಿ ಸಾವ್ಕಾರ್ರ," ಅಂದಳು ನೀಲವ್ವ. "ಬಂದು ತಿಂತೀನವ್ವಾ," ಅನ್ನುತ್ತ ಚಪ್ಪಲಿ ಮೆಟ್ಟಿಕೊಂಡು, ಗುರುಶಾಂತಪ್ಪ ಈರಣ್ಣನ ಮನೆಯ ಕಡೆ ಬಿರುಸಾಗಿ ನಡೆದ.

ನೀತಿ: ಹೊರೆ ಬಿದ್ದಾಗ ಬಾಗದೆ ನಿಲ್ಲುವುದೊಂದೇ ಬಲವಲ್ಲ. ಕೆಳಗಿನಿಂದ ಬಂದ ಪೆಟ್ಟನ್ನು ತಾನು ತಿಂದು, ಮೇಲೆ ಕೂತವರಿಗೆ ತಾಗದಂತೆ ನೋಡಿಕೊಳ್ಳುವುದು ಬಲ. ನೀವು ಮುಂದೆ ಯಾರ ಕೈಯಿಂದಲಾದರೂ ಕೆಲಸ ಮಾಡಿಸುವವರಾದರೆ, ಸರಕು ಹೇಗೆ ಬಂತು ಅಂತ ಕೇಳುವ ಮೊದಲು ಅದನ್ನು ತಂದವರು ಹೇಗಿದ್ದಾರೆ ಅಂತ ಕೇಳಿ. ಅವರಾಗಿ ಹೇಳಲಿ ಅಂತ ಕಾಯಬೇಡಿ. ಹೇಳದೆ ಇರುವವರಿಗೇ ಹೆಚ್ಚು ನೋವಾಗಿರುತ್ತದೆ.